ನೋವೇ ಇಲ್ಲದಿದ್ದರೂ ಪ್ರಾಣಿಯ ಘನತೆಗೆ ಧಕ್ಕೆಯಾಗುತ್ತದೆಯೇ?

ಪ್ರಶ್ನೆ:
ಸ್ವಿಟ್ಜರ್ಲೆಂಡಿನ ಸಂವಿಧಾನದಲ್ಲಿ 1992ರಿಂದಲೂ ‘ಜೀವಿಯ ಘನತೆ’ ಎಂಬ ಮಾತಿದೆ. 2008ರಲ್ಲಿ ಜಾರಿಗೆ ಬಂದ ಅಲ್ಲಿನ ಪ್ರಾಣಿ ಸಂರಕ್ಷಣಾ ಕಾಯ್ದೆ ಅದಕ್ಕೆ ವ್ಯಾಖ್ಯೆಯನ್ನೂ ಕೊಟ್ಟಿದೆ. ನೋವು, ಭಯಗಳನ್ನು ತಡೆಯಲು ಬೇರೆ ನಿಯಮಗಳಿರುವಾಗ, ಅರಿವಳಿಕೆಯಲ್ಲೇ ಕೊನೆಯುಸಿರೆಳೆಯುವ ಪ್ರಯೋಗಾಲಯದ ಇಲಿಗೆ ಈ ‘ಘನತೆ’ ಹೆಚ್ಚಿಗೆ ಏನು ಕೊಡುತ್ತದೆ? ಮಾನ, ಅವಮಾನಗಳ ಅರಿವಿಲ್ಲದ ಜೀವಿಗೆ ಅದನ್ನು ಆರೋಪಿಸುವುದು ನಮ್ಮ ಭಾವುಕತೆಯಲ್ಲವೇ?

ಉತ್ತರ 1:
ಕುದುರೆಯ ಮೂತಿಯ ಸುತ್ತ ಇರುವ ಉದ್ದನೆಯ ಸ್ಪರ್ಶರೋಮಗಳನ್ನೇ ನೋಡಿ. ತನ್ನ ಬಾಯಿಯ ಕೆಳಗೇನಿದೆ ಎಂಬುದು ಕುದುರೆಗೆ ಕಾಣುವುದಿಲ್ಲ. ಹುಲ್ಲನ್ನೋ ನೀರಿನ ತೊಟ್ಟಿಯ ಅಂಚನ್ನೋ ಅದು ಈ ರೋಮಗಳಿಂದಲೇ ತಡವಿ ತಿಳಿಯುತ್ತದೆ. ಪ್ರದರ್ಶನದಲ್ಲಿ ಚೆಂದ ಕಾಣಲೆಂದು ಅವನ್ನು ಕತ್ತರಿಸಿದರೆ ನೋವಾಗದು, ಆದರೂ ಸ್ವಿಸ್ ನಿಯಮಾವಳಿ ಅದನ್ನು ನಿಷೇಧಿಸಿದೆ. ಕಾಯ್ದೆಯ 3ನೇ ವಿಧಿಯು ನೋವು, ಯಾತನೆ, ಹಾನಿ, ಭಯಗಳ ಜೊತೆಗೆ, ಪ್ರಾಣಿಯನ್ನು ಅವಮಾನಿಸುವುದು, ಅದರ ರೂಪವನ್ನೋ ಸಾಮರ್ಥ್ಯವನ್ನೋ ಗಾಢವಾಗಿ ಬದಲಿಸುವುದು, ಅದನ್ನು ಮಿತಿಮೀರಿ ಬರೀ ಸಾಧನವಾಗಿಸುವುದು ಇವನ್ನೂ ಪ್ರಾಣಿಯ ಮೇಲಿನ ‘ಹೊರೆ’ಯೆಂದೇ ಎಣಿಸುತ್ತದೆ. ‘ಅವಮಾನ’ ಎಂಬ ಪದದ ಬಗ್ಗೆ ನನಗೂ ನಿಮ್ಮಷ್ಟೇ ಅನುಮಾನವಿದೆ. ಉಳಿದೆರಡಕ್ಕೆ ಪ್ರಾಣಿಯ ಅರಿವು ಬೇಕಿಲ್ಲ.

ಉತ್ತರ 2:
ಆದರೆ ಇದನ್ನು ಸಂಪೂರ್ಣ ರಕ್ಷಣೆಯೆಂದು ಓದಬಾರದು. ಮನುಷ್ಯನ ಘನತೆಯನ್ನು ತಕ್ಕಡಿಗೆ ಹಾಕುವಂತಿಲ್ಲ, ಪ್ರಾಣಿಯದನ್ನು ಹಾಕಬಹುದು: ಮೇಲುಗೈಯಾದ ಹಿತಾಸಕ್ತಿಯಿಂದ ಹೊರೆಯನ್ನು ಸಮರ್ಥಿಸಲಾಗದಿದ್ದರೆ ಮಾತ್ರ ಅದು ಘನತೆಯ ಉಲ್ಲಂಘನೆ. ಮಿದುಳಿನ ಕಲಿಕೆಯನ್ನು ಅಭ್ಯಸಿಸಲು ರೀಸಸ್ ಕೋತಿಗಳಿಗೆ ನೀರನ್ನು ಮಿತಗೊಳಿಸಬೇಕಿದ್ದ ಜ್ಯೂರಿಕ್‌ನ ಒಂದು ಪ್ರಯೋಗಕ್ಕೆ 2009ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಅನುಮತಿ ನಿರಾಕರಣೆಯನ್ನು ಎತ್ತಿಹಿಡಿದದ್ದು ಹೀಗೆ ತೂಗಿನೋಡಿದ್ದರಿಂದಲೇ. ಹಾಗೆಂದು ಆ ದೇಶದಲ್ಲಿ ಪ್ರಾಣಿ ಪ್ರಯೋಗಗಳೇನೂ ನಿಂತಿಲ್ಲ.

ಉತ್ತರ 3:
ಇಲಿಯ ಪ್ರಶ್ನೆಗೆ ಬರುತ್ತೇನೆ. 1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ವಿಜ್ಞಾನಿಗಳು ಪ್ರಾಣಿ ಪ್ರಯೋಗಗಳಿಗಾಗಿ ಮಂಡಿಸಿದ ಬದಲಿಸು (ಪ್ರಾಣಿಯ ಬದಲು ಬೇರೆ ವಿಧಾನ), ಕಡಿಮೆಮಾಡು (ಪ್ರಾಣಿಗಳ ಸಂಖ್ಯೆ), ಸುಧಾರಿಸು (ನೋವು ತಗ್ಗುವಂತೆ ವಿಧಾನ) ಎಂಬ ಮೂರು ಸೂತ್ರಗಳಲ್ಲಿ ಅರಿವಳಿಕೆಯು ಮೂರನೆಯದರ ಲೆಕ್ಕಕ್ಕೆ ಸೇರುತ್ತದೆ. ಆದರೆ ಆ ಇಲಿ ಮೈಮೇಲೆ ರೋಮವೇ ಇಲ್ಲದಂತೆ, ರೋಗನಿರೋಧಕ ಶಕ್ತಿ ಕುಂದಿದಂತೆ ಬೆಳೆಸಿದ ತಳಿಯದ್ದಾಗಿದ್ದರೆ? ಅದು ನೋವಿಲ್ಲದೆ ಸತ್ತರೂ, ರೂಪ ಮತ್ತು ಸಾಮರ್ಥ್ಯಗಳಲ್ಲಿ ಆದ ಹಸ್ತಕ್ಷೇಪಕ್ಕೆ ಸಂಶೋಧಕರು ಸಮರ್ಥನೆ ಕೊಡಬೇಕಾಗುತ್ತದೆ. ಆರೋಗ್ಯವಂತ ಸಾಮಾನ್ಯ ಇಲಿಯಾದರೆ ಉಳಿಯುವುದು ‘ಮಿತಿಮೀರಿ ಸಾಧನವಾಗಿಸುವುದು’ ಎಂಬ ವಾದವೊಂದೇ. ಅಲ್ಲಿ ಮಿತಿಯೆಲ್ಲಿದೆ ಎಂಬುದನ್ನು ಕಾಯ್ದೆ ಹೇಳುವುದಿಲ್ಲ.