ಮೇಲಿನ ಮನೆಯ ಕೊರಿಯನ್ ಕುಟುಂಬದವರು ಚುಸೊಕ್ ಹಬ್ಬಕ್ಕೆ ಕರೆದಿದ್ದಾರೆ: ಯಾವಾಗ ಹೋಗಬೇಕು, ಏನು ಒಯ್ಯಬೇಕು?

ಹೊರಮಾವು_ನಿವಾಸಿ:
ನಮ್ಮ ಅಪಾರ್ಟ್‌ಮೆಂಟಿನ ಕೊರಿಯನ್ ಕುಟುಂಬದವರು 2026ರ ಸೆಪ್ಟೆಂಬರ್ 25ಕ್ಕೆ ಚುಸೊಕ್ ಹಬ್ಬ ಅಂತ ಮನೆಗೆ ಕರೆದಿದ್ದಾರೆ. ಊರಿಂದ ಅಜ್ಜ ಅಜ್ಜಿಯೂ ಬಂದಿರುತ್ತಾರಂತೆ. ಗೊತ್ತಿರುವವರು ದಯವಿಟ್ಟು ಹೇಳಿ. ಹಿರಿಯರ ಪೂಜೆಯ ಹೊತ್ತಿಗೇ ಹೋಗಬೇಕಾ, ಊಟಕ್ಕೆ ಹೋದರೆ ಸಾಕಾ? ಮಕ್ಕಳು ನೆಲಕ್ಕೆ ಬಾಗಿ ನಮಸ್ಕಾರ ಮಾಡಬೇಕಾ? ನಾವು ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿಗಳು, ಅಲ್ಲಿ ಏನು ತಿನ್ನಬಹುದು? ಸೊಂಗ್‌ಪ್ಯೊನ್ (ಹೂರಣ ತುಂಬಿ ಹಬೆಯಲ್ಲಿ ಬೇಯಿಸುವ ಅವರ ಅಕ್ಕಿಕಡುಬು) ಮನೆಯಲ್ಲೇ ಮಾಡಿ ಒಯ್ಯುವ ಆಸೆ ಇದೆ, ಬಿರುಕು ಬಿಡದ ಹಾಗೆ ಮಾಡುವುದು ಹೇಗೆ? ಇನ್ನೊಂದು, ನಮ್ಮ ಪಂಚಾಂಗದಲ್ಲಿ ಹುಣ್ಣಿಮೆ 26ಕ್ಕಿದೆ. ತಾರೀಕು ಸರಿಯಾಗಿದೆಯಾ?

ತಿಥಿ_ಲೆಕ್ಕ:
ತಾರೀಕು ಸರಿಯಾಗಿಯೇ ಇದೆ. ಚುಸೊಕ್ ಅಂದರೆ ಅವರ ಎಂಟನೇ ಚಾಂದ್ರಮಾಸದ ಹದಿನೈದನೇ ದಿನ. ಅಮಾವಾಸ್ಯೆಯ ಕ್ಷಣ ಯಾವ ದಿನ ಬೀಳುತ್ತದೋ ಅದೇ ಅವರಿಗೆ ತಿಂಗಳ ಒಂದನೇ ದಿನ, ಅಲ್ಲಿಂದ ನೇರವಾಗಿ ಎಣಿಸುತ್ತಾರೆ. ಈ ಸಲ ಅಮಾವಾಸ್ಯೆ ಸೆಪ್ಟೆಂಬರ್ 11ಕ್ಕೆ, ಹಾಗಾಗಿ ಹದಿನೈದನೇ ದಿನ 25. ಪೂರ್ಣಚಂದ್ರನ ಕ್ಷಣ ಮಾತ್ರ 26ರ ರಾತ್ರಿ. ನಮ್ಮ ಹಾಗೆ ತಿಥಿ ನೋಡುವುದಿಲ್ಲವಾದ್ದರಿಂದ ಒಂದು ದಿನದ ಅಂತರ ಆಗಾಗ ಬರುತ್ತದೆ. ಅಧಿಕ ಮಾಸವೂ ಎರಡೂ ಕಡೆ ಒಂದೇ ವರ್ಷ ಬರಬೇಕೆಂದಿಲ್ಲ. 2025ರಲ್ಲಿ ಅವರಿಗೆ ಆರನೇ ತಿಂಗಳು ಎರಡು ಸಲ ಬಂದು ಚುಸೊಕ್ ಅಕ್ಟೋಬರ್ 6ಕ್ಕೆ, ನಮ್ಮ ಶೀಗಿ ಹುಣ್ಣಿಮೆಯ ಹೊತ್ತಿಗೆ ಹೋಯಿತು. ಈ ವರ್ಷ ಭಾದ್ರಪದದಲ್ಲೇ ಇದೆ.

25 ಶುಕ್ರವಾರ. ಕೊರಿಯಾದಲ್ಲಿ 24ರಿಂದ 26 ಮೂರು ದಿನ ರಜೆ, ಬೆಂಗಳೂರಿನ ಆಫೀಸುಗಳಿಗೆ ಇಲ್ಲ. ಊಟವನ್ನು ಶನಿವಾರಕ್ಕೆ ಇಟ್ಟುಕೊಂಡಿರಲೂಬಹುದು, ಇನ್ನೊಮ್ಮೆ ಕೇಳಿಕೊಳ್ಳಿ.

ಬಾಣಸವಾಡಿ_ಕಿಟ್ಟಿ:
ಮಕ್ಕಳ ನಮಸ್ಕಾರದ ವಿಷಯ ಮೊದಲು. ನೀವು ಕೇಳುತ್ತಿರುವುದು ಸೇಬೆ. ಅದು ಚಾಂದ್ರಮಾನ ಹೊಸವರ್ಷವಾದ ಸೊಲ್ಲಾಲ್ ಹಬ್ಬದ್ದು, ಚುಸೊಕ್‌ನದ್ದಲ್ಲ. ಈಗ ನಿಂತಲ್ಲೇ ಸೊಂಟದಿಂದ ಬಗ್ಗಿ ವಂದಿಸಿದರೆ ಸಾಕು. ಮುಂದೆ ಸೊಲ್ಲಾಲ್‌ಗೆ ಕರೆದರೆ ಗೊತ್ತಿರಲಿ: ಕೈಗಳನ್ನು ಒಂದರ ಮೇಲೊಂದು ಇಡುವಾಗ ಹುಡುಗರಿಗೆ ಎಡಗೈ ಮೇಲೆ, ಹುಡುಗಿಯರಿಗೆ ಬಲಗೈ ಮೇಲೆ. ಸಾವಿನ ಮನೆಯಲ್ಲಿ ಇದು ಉಲ್ಟಾ ಆಗುತ್ತದೆ, ಹಾಗಾಗಿ ಅದಲುಬದಲಾದರೆ ಹಿರಿಯರ ಕಣ್ಣಿಗೆ ತಕ್ಷಣ ಬೀಳುತ್ತದೆ. ಬದುಕಿರುವವರಿಗೆ ಒಂದೇ ಸಲ ಬಾಗುವುದು. ಎರಡು ಸಲ ಬಾಗುವುದು ತೀರಿಹೋದವರಿಗೆ. ಬಾಗಿ ಎದ್ದು ಕೂತ ಮೇಲೆ ಹಿರಿಯರು ಹರಸುವವರೆಗೂ ಸುಮ್ಮನಿರಬೇಕು. ಆಮೇಲೆ ಅವರು ಕೊಡುವ ದುಡ್ಡನ್ನು ಎರಡೂ ಕೈ ಒಡ್ಡಿ ತೆಗೆದುಕೊಳ್ಳಬೇಕು, ಅವರ ಮುಂದೆಯೇ ಎಣಿಸಬಾರದು.

ಚುಸೊಕ್ ದಿನ ಬೆಳಗ್ಗೆ ನಡೆಯುವ ಹಿರಿಯರ ಪೂಜೆಗೆ ಚಾರ್ಯೆ ಅನ್ನುತ್ತಾರೆ. ಊದುಬತ್ತಿ ಹಚ್ಚಿ, ಮದ್ಯವನ್ನು ಸ್ವಲ್ಪಸ್ವಲ್ಪವಾಗಿ ಮೂರು ಸಲ ಸುರಿದು ಹಿರಿಯರನ್ನು ಕರೆಯುತ್ತಾರೆ. ಎಲ್ಲರೂ ಎರಡು ಸಲ ಬಾಗುತ್ತಾರೆ, ಒಂದು ಬಟ್ಟಲು ಮದ್ಯ ಅರ್ಪಿಸಿ ಸೊಂಗ್‌ಪ್ಯೊನ್ ತಟ್ಟೆಯ ಮೇಲೆ ಚಾಪ್‌ಸ್ಟಿಕ್ ಇಡುತ್ತಾರೆ. ಹಿರಿಯರು ಉಂಡರು ಎನ್ನುವಷ್ಟು ಹೊತ್ತು ಮೌನ. ಮತ್ತೆ ಎರಡು ಸಲ ಬಾಗಿ, ಹೆಸರು ಬರೆದ ಕಾಗದವನ್ನು ಸುಟ್ಟು, ಮನೆಮಂದಿ ಅದೇ ಅಡುಗೆಯನ್ನು ಪ್ರಸಾದದ ಹಾಗೆ ಹಂಚಿಕೊಂಡು ತಿನ್ನುತ್ತಾರೆ. ವರ್ಷಾಬ್ದಿಕದಲ್ಲಿ ಮೂರು ಸಲ ಮದ್ಯ ಅರ್ಪಿಸಿ ಪ್ರಾರ್ಥನೆ ಓದುತ್ತಾರೆ. ಚಾರ್ಯೆಯಲ್ಲಿ ಒಂದೇ ಸಲ, ಓದುವುದಿಲ್ಲ.

ಇದು ಮನೆಯವರದೇ ಕಾರ್ಯ. ಅವರಾಗಿ ಕರೆಯದಿದ್ದರೆ ಮಧ್ಯಾಹ್ನದ ಊಟಕ್ಕೆ ಹೋಗುವುದೇ ಸರಿ. ಕರೆದರೆ ಹಿಂದೆ ನಿಂತಿರಿ, ಮೇಜಿಗೂ ಅದರ ಹಿಂದಿನ ಪರದೆಗೂ ನಡುವೆ ಹೋಗಬೇಡಿ, ಕೇಳದೆ ಫೋಟೋ ತೆಗೆಯಬೇಡಿ. ಕ್ರೈಸ್ತ ಕುಟುಂಬವಾದರೆ ಚಾರ್ಯೆ ಇರದೆಯೂ ಇರಬಹುದು. ಪ್ರೊಟೆಸ್ಟೆಂಟರಲ್ಲಿ ಹೆಚ್ಚಿನವರು ಬಾಗುವ ಬದಲು ಕೂತು ಪ್ರಾರ್ಥನೆ ಮಾಡುತ್ತಾರೆ.

ಪೂಜೆಯ ಮೇಜಿಗೆ ನಿಯಮಗಳಿವೆ: ಕೆಂಪು ಹಣ್ಣು ಪೂರ್ವಕ್ಕೆ, ಬಿಳಿ ಪಶ್ಚಿಮಕ್ಕೆ, ಮೀನು ಪೂರ್ವಕ್ಕೆ, ಮಾಂಸ ಪಶ್ಚಿಮಕ್ಕೆ. ಪೀಚ್ ಹಣ್ಣು, ಮೆಣಸಿನಪುಡಿ, ಬೆಳ್ಳುಳ್ಳಿ ಸೇರಿಸುವುದಿಲ್ಲ. ಹಣ್ಣು ಒಯ್ಯುವುದಾದರೆ ಪೀಚ್ ಬಿಟ್ಟು ಸೇಬು, ಪೇರ್ ಒಯ್ಯಿರಿ. ನಾಲ್ಕರ ಲೆಕ್ಕ ಬೇಡ, ಆ ಸಂಖ್ಯೆ ಅವರಿಗೆ ಆಗಿಬರುವುದಿಲ್ಲ.

ರಾಗಿಗುಡ್ಡ_77:
ಕಿಟ್ಟಿಯವರು ಹೇಳಿದ್ದರಲ್ಲಿ ಮೇಜಿನ ನಿಯಮದ ಬಗ್ಗೆ ಒಂದು ತಿದ್ದುಪಡಿ. ಕೆಂಪು ಪೂರ್ವ, ಬಿಳಿ ಪಶ್ಚಿಮ ಎಂಬ ಮಾತು ಹಳೆಯ ವಿಧಿಗ್ರಂಥಗಳಲ್ಲಿ ಇಲ್ಲವೇ ಇಲ್ಲ ಎಂದು ಕನ್‌ಫ್ಯೂಷಿಯಸ್ ಪರಂಪರೆಯ ಸಂಸ್ಥೆಯಾದ ಸುಂಗ್‌ಕ್ಯುನ್‌ಕ್ವಾನ್ 2022ರ ಸೆಪ್ಟೆಂಬರಿನಲ್ಲಿ, ಚುಸೊಕ್‌ಗೆ ಸ್ವಲ್ಪ ಮುಂಚೆ, ಹೇಳಿತು. ಸೊಂಗ್‌ಪ್ಯೊನ್, ನಾಮುಲ್ ಪಲ್ಯ, ಸುಟ್ಟ ಮಾಂಸ, ಕಿಮ್ಚಿ, ಹಣ್ಣು, ಮದ್ಯ ಇಷ್ಟಿದ್ದರೆ ಸಾಕು. ಹೆಚ್ಚೆಂದರೆ ಒಂಬತ್ತು ಬಗೆ. ಎಣ್ಣೆಯಲ್ಲಿ ಕರಿದದ್ದು ಕಡ್ಡಾಯವಲ್ಲ ಅಂತ ಮಾದರಿಯನ್ನೂ ಕೊಟ್ಟಿತು. ಹಬ್ಬದ ಹಿಂದಿನ ದಿನವೆಲ್ಲ ಮನೆಯ ಹೆಂಗಸರು ಒಲೆ ಮುಂದೆ ಕೂತು ಜೊನ್ (ತರಕಾರಿ, ಮೀನು, ಮಾಂಸದ ಬಿಲ್ಲೆಗಳನ್ನು ಹಿಟ್ಟು, ಮೊಟ್ಟೆಯಲ್ಲಿ ಅದ್ದಿ ಎಣ್ಣೆಯಲ್ಲಿ ಬೇಯಿಸಿದ್ದು) ಬೇಯಿಸುವ ಕಷ್ಟ ಅಲ್ಲಿ ಪ್ರತಿ ವರ್ಷ ಚರ್ಚೆಯಾಗುತ್ತದೆ, ಆ ಮಾತು ಬರಲೇಬೇಕಿತ್ತು. ಅವರ ಮನೆಯ ಮೇಜು ಚಿಕ್ಕದಾಗಿದ್ದರೆ ಶಾಸ್ತ್ರ ತಪ್ಪಿದೆ ಅಂತ ತಿಳಿಯಬೇಡಿ.

ನಿಮ್ಮ ಊಟದ ಬಗ್ಗೆ: ಜೊನ್ ತರಕಾರಿಯದ್ದಾದರೂ ಮೊಟ್ಟೆಯಲ್ಲಿ ಅದ್ದಿರುತ್ತಾರೆ. ಕಿಮ್ಚಿಗೆ ಸಾಮಾನ್ಯವಾಗಿ ಉಪ್ಪು ಹಾಕಿದ ಸೀಗಡಿ ಅಥವಾ ಮೀನಿನ ರಸ ಬಿದ್ದಿರುತ್ತದೆ. ಕೆಸುವಿನ ಗೆಡ್ಡೆಯ ಸೂಪ್ ದನದ ಮಾಂಸದ ಸಾರಿನಲ್ಲಿ ಆಗುತ್ತದೆ, ಜಾಪ್‌ಚೆ ಶ್ಯಾವಿಗೆಗೂ ಅದೇ ಮಾಂಸದ ಎಳೆ ಸೇರಿಸುತ್ತಾರೆ. ಸೊಂಗ್‌ಪ್ಯೊನ್, ಹಣ್ಣು, ಅಕ್ಕಿಯ ಸಿಹಿ ಪಾನಕ ಶಿಕ್ಹ್ಯೆ, ಜೇನಿನ ಯಾಕ್‌ಗ್ವಾ ನಿಶ್ಚಿಂತೆಯಾಗಿ ತಿನ್ನಬಹುದು. ಪಾಲಕ್ ನಾಮುಲ್ ಕೇಳಿ ತಿನ್ನಿ. ಎರಡು ದಿನ ಮುಂಚೆಯೇ ತಿಳಿಸಿಬಿಡಿ, ಬಡಿಸಿದ ಮೇಲೆ ಬೇಡ ಅಂದರೆ ಅಜ್ಜಿ ನೊಂದುಕೊಳ್ಳುತ್ತಾರೆ.

ಹಬೆಪಾತ್ರೆ:
ಸೊಂಗ್‌ಪ್ಯೊನ್ ಬಗ್ಗೆ ಬರೆಯುತ್ತೇನೆ. ಮೊದಲ ಎಡವಟ್ಟು ಅಂಗಡಿಯಲ್ಲೇ ಆಗುತ್ತದೆ. ಕಮ್ಮನಹಳ್ಳಿ ಕಡೆಯ ಕೊರಿಯನ್ ಅಂಗಡಿಗಳಲ್ಲಿ ಅಕ್ಕಿಹಿಟ್ಟು ಕೇಳಿದರೆ ಚಾಪ್ಸಾಲ್ ಪ್ಯಾಕೆಟ್ ಕೈಗೆ ಸಿಗಬಹುದು. ಅದು ಅಂಟಕ್ಕಿಯದು, ಹಬೆಯಲ್ಲಿ ಆಕಾರ ಕಳೆದುಕೊಂಡು ಚಪ್ಪಟೆಯಾಗುತ್ತದೆ. ನಿಮಗೆ ಬೇಕಾದ್ದು ಮೆಪ್ಸಾಲ್, ಅಂದರೆ ಅಂಟಕ್ಕಿಯಲ್ಲದ ಮಾಮೂಲಿ ಅಕ್ಕಿಯದು. ಸಿಗದಿದ್ದರೆ ಗಿಡ್ಡಕಾಳಿನ ಸುಶಿ ಅಕ್ಕಿ ತನ್ನಿ.

ಅರ್ಧ ಕೆಜಿ ಅಕ್ಕಿಯನ್ನು 6ರಿಂದ 8 ಗಂಟೆ ನೆನೆಸಿ, ಜರಡಿಯಲ್ಲಿ ಅರ್ಧ ಗಂಟೆ ನೀರು ಬಸಿಯಿರಿ. 6 ಗ್ರಾಂ ಉಪ್ಪು ಸೇರಿಸಿ ಮಿಕ್ಸಿಯಲ್ಲಿ ನೀರಿಲ್ಲದೆ ಪುಡಿಮಾಡಿ, ಎರಡು ಸಲ ಜರಡಿ ಹಿಡಿಯಿರಿ. ಸುಮಾರು 640 ಗ್ರಾಂ ತೇವದ ಹಿಟ್ಟು ಬರುತ್ತದೆ. ಇದಕ್ಕೆ ಕುದಿಯುವ ನೀರು 130ರಿಂದ 160 ಎಂಎಲ್, ಸ್ವಲ್ಪಸ್ವಲ್ಪವಾಗಿ. ನೀರು ಕುದಿಯುತ್ತಲೇ ಇರಬೇಕು: ಹಿಟ್ಟಿನ ಒಂದು ಭಾಗ ಅಲ್ಲೇ ಬೆಂದು ಅಂಟು ಬಿಟ್ಟರೆ ಮಾತ್ರ ಕಣಕ ಒಂದಾಗಿ ನಿಲ್ಲುತ್ತದೆ. ಉಗುರುಬೆಚ್ಚಗಿನ ನೀರು ಹಾಕಿದರೆ ಬಿರುಕು ಗ್ಯಾರಂಟಿ. 10 ನಿಮಿಷ ಚೆನ್ನಾಗಿ ನಾದಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ಪ್ಯಾಕೆಟ್ಟಿನ ಒಣ ಹಿಟ್ಟಾದರೆ ಹೆಚ್ಚುಕಡಿಮೆ ಹಿಟ್ಟಿನ ತೂಕದಷ್ಟೇ ನೀರು ಬೇಕಾಗುತ್ತದೆ. ಸೋನಾ ಮಸೂರಿ ಹಿಟ್ಟಾದರೆ ನೂರಕ್ಕೆ ಹತ್ತು ಪಾಲು ಅಂಟಕ್ಕಿ ಹಿಟ್ಟು ಬೆರೆಸಿ, ಇಲ್ಲದಿದ್ದರೆ ಆರಿದ ಮೇಲೆ ಬಿರುಸಾಗುತ್ತದೆ.

ಹೂರಣಕ್ಕೆ 100 ಗ್ರಾಂ ಬಿಳಿ ಎಳ್ಳು ಹುರಿದು ತರಿತರಿಯಾಗಿ ಕುಟ್ಟಿ, 50 ಗ್ರಾಂ ಸಕ್ಕರೆ, ಒಂದು ಟೇಬಲ್ ಚಮಚ ಜೇನು, ಚಿಟಿಕೆ ಉಪ್ಪು. ಎಳ್ಳನ್ನು ನುಣ್ಣಗೆ ಮಾಡಿದರೆ ಎಣ್ಣೆ ಬಿಡುತ್ತದೆ, ಜೇನು ಹೆಚ್ಚಾದರೆ ಸೋರುತ್ತದೆ. 22 ಗ್ರಾಂ ಉಂಡೆಗೆ 5 ಗ್ರಾಂ ಹೂರಣ ಮೀರಬೇಡಿ. ಬಟ್ಟಲು ಮಾಡಿ, ತುಂಬಿ, ಅಂಚು ಕೂಡಿಸಿ, ಮುಷ್ಟಿಯೊಳಗೆ ನಾಲ್ಕೈದು ಸಲ ಹಿಚುಕಿ ಗಾಳಿ ಹೊರಗೆ ಹಾಕಿ, ಆಮೇಲೆ ಅರ್ಧಚಂದ್ರದ ಆಕಾರ ಕೊಡಿ. ಬಿರುಕಿಗೆ ಇನ್ನೊಂದು ಕಾರಣ ಒಳಗೆ ಉಳಿದ ಈ ಗಾಳಿಯೇ, ಬಿಸಿಗೆ ಹಿಗ್ಗಿ ಅಂಚನ್ನು ಸೀಳುತ್ತದೆ.

ಅಲ್ಲಿ ಪೈನ್ ಎಲೆಯ ಹಾಸಿನ ಮೇಲೆ ಬೇಯಿಸುತ್ತಾರೆ. ಇಲ್ಲಿ ಪಾರ್ಕಿನ ಕ್ರಿಸ್‌ಮಸ್ ಗಿಡದ ಎಲೆ ಕಿತ್ತು ಹಾಸಬೇಡಿ, ಅದು ಪೈನ್ ಅಲ್ಲ, ಔಷಧಿ ಹೊಡೆದಿರಲೂಬಹುದು. ಒದ್ದೆ ಮಲ್ ಬಟ್ಟೆ ಸಾಕು. ಜೋರು ಹಬೆಯಲ್ಲಿ 20 ನಿಮಿಷ ಅಂತ ಅವರ ಲೆಕ್ಕ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದ್ದು ನೀರು 97 ಡಿಗ್ರಿಗೇ ಕುದಿಯುವುದರಿಂದ 23 ನಿಮಿಷ ಇಡಿ. ಉರಿ ಆರಿಸಿ 5 ನಿಮಿಷ ಬಿಟ್ಟು, ತಣ್ಣೀರಲ್ಲಿ ಒಮ್ಮೆ ಅದ್ದಿ ತೆಗೆದು, ಹುರಿದ ಎಳ್ಳಿನ ಕೊರಿಯನ್ ಎಣ್ಣೆ ಸವರಿ. ನಮ್ಮ ಗಾಣದ ಎಳ್ಳೆಣ್ಣೆಗೆ ಆ ಘಮ ಬರುವುದಿಲ್ಲ.

ಹೊರಮಾವು_ನಿವಾಸಿ:
ತುಂಬಾ ಉಪಕಾರ ಆಯ್ತು, ಎಲ್ಲರಿಗೂ. ಹಿಂದಿನ ರಾತ್ರಿಯೇ ಮಾಡಿ ಫ್ರಿಜ್ಜಿನಲ್ಲಿ ಇಡಬಹುದಾ?

ಹಬೆಪಾತ್ರೆ:
ಫ್ರಿಜ್ ಬೇಡ, ಆ ತಂಪಿನಲ್ಲಿ ಅಕ್ಕಿಯ ಪದಾರ್ಥ ಬಲುಬೇಗ ಗಟ್ಟಿಯಾಗುತ್ತದೆ. ಆಕಾರ ಕೊಟ್ಟು, ಬೇಯಿಸದೆ, ಒಂದಕ್ಕೊಂದು ತಾಗದ ಹಾಗೆ ತಟ್ಟೆಯಲ್ಲಿ ಹರಡಿ ಫ್ರೀಜರಿನಲ್ಲಿಡಿ. ಬೆಳಗ್ಗೆ ಕರಗಿಸಲು ಹೋಗದೆ ನೇರವಾಗಿ ಹಬೆಗೆ ಇಟ್ಟು, 5 ನಿಮಿಷ ಹೆಚ್ಚಿಗೆ ಬೇಯಿಸಿ. ಕರಗಲು ಬಿಟ್ಟರೆ ಮೇಲ್ಮೈ ಒದ್ದೆಯಾಗಿ ಅಂಚು ಬಿಚ್ಚಿಕೊಳ್ಳುತ್ತದೆ. ಬೆಂದದ್ದನ್ನು ಒಯ್ಯುವಾಗ ಡಬ್ಬಿಯ ಮುಚ್ಚಳದ ಕೆಳಗೆ ಒಂದು ಒಣ ಬಟ್ಟೆ ಹಾಕಿ, ಹಬೆ ನೀರಾಗಿ ಮೇಲೆ ತೊಟ್ಟಿಕ್ಕುವುದಿಲ್ಲ.