ಗದ್ದದ ಕೂದಲು, ಕರೆಂಟಿನ ಸೂಜಿ: ಮುಲುಂಡ್ ಅಕ್ಕನಿಗೆ ಪ್ರಶ್ನೆಗಳು

ಅಡ್ಮಿನ್: ಇವತ್ತಿನ ಪ್ರಶ್ನೋತ್ತರಕ್ಕೆ ಮುಲುಂಡ್ ಅಕ್ಕ ಸಿಕ್ಕಿದ್ದಾರೆ. ಚರ್ಮದ ಡಾಕ್ಟರ ಕ್ಲಿನಿಕ್‌ನಲ್ಲಿ ಎಲೆಕ್ಟ್ರಾಲಿಸಿಸ್ ಮಾಡುತ್ತಾರೆ. ಒಂದೊಂದೇ ಕೂದಲಿನ ಬುಡಕ್ಕೆ ಸಣ್ಣ ಸೂಜಿ ಇಳಿಸಿ, ಕರೆಂಟ್ ಕೊಟ್ಟು, ಮತ್ತೆ ಬೆಳೆಯದ ಹಾಗೆ ಮಾಡುವ ಕೆಲಸ. ಕಲಿಯಬೇಕು ಅನ್ನುವವರೂ ಕೇಳಬಹುದು, ಮಾಡಿಸಿಕೊಳ್ಳುವವರೂ ಕೇಳಬಹುದು. ಮುಖದ ಫೋಟೋ ಹಾಕಬೇಡಿ. ಹೆಸರು ಬೇಡ, ಊರು ಬರೆದರೆ ಸಾಕು.

ಮುಲುಂಡ್ ಅಕ್ಕ: ನಮಸ್ಕಾರ ಎಲ್ಲರಿಗೂ. ನಾನು ಡಾಕ್ಟರ್ ಅಲ್ಲ, ಅದು ಮೊದಲು. ರೇಟ್ ಇಲ್ಲಿ ಹೇಳುವುದಿಲ್ಲ, ಅದು ಎರಡನೆಯದು.

ಡೊಂಬಿವಲಿ: ಅಕ್ಕ, ಮನೆಯಲ್ಲೇ ಪಾರ್ಲರ್ ನಡೆಸುತ್ತೇನೆ. ಅಂಧೇರಿಯಲ್ಲಿ ಎರಡು ದಿನದ ಎಲೆಕ್ಟ್ರಾಲಿಸಿಸ್ ಕೋರ್ಸ್ ಇದೆ, ಸರ್ಟಿಫಿಕೇಟ್ ಜೊತೆಗೆ ಮಷೀನೂ ಕೊಡುತ್ತಾರಂತೆ. ಸೇರಲಾ? ಲೈಸನ್ಸ್ ಬೇರೆ ತೆಗೆಸಬೇಕಾ?

ಮುಲುಂಡ್ ಅಕ್ಕ: ತೆಗೆಸೋಣ ಅಂದರೂ ಈ ಕೆಲಸಕ್ಕೆ ಅಂತ ಬೇರೆ ಲೈಸನ್ಸ್ ನಮ್ಮಲ್ಲಿ ಇಲ್ಲ. ಪಾರ್ಲರ್‌ನವರು ಗೋಡೆಯ ಮೇಲಿರುವ "ಗುಮಾಸ್ತಾ" ಅನ್ನುವ ಕಾಗದ ತೋರಿಸಿ "ಗವರ್ನಮೆಂಟ್ ಲೈಸನ್ಸ್" ಅನ್ನುತ್ತಾರೆ. ಅದು ಅಂಗಡಿ ಕಾಯ್ದೆಯ ನೋಂದಣಿ. ಕಿರಾಣಿ ಅಂಗಡಿಗೂ ಅದೇ ಕಾಗದ. ಕೆಲಸ ಬರುತ್ತದಾ ಇಲ್ಲವಾ ಅಂತ ಅದರಲ್ಲಿ ಯಾರೂ ನೋಡಿರುವುದಿಲ್ಲ. ಐಟಿಐ ಕಾಸ್ಮೆಟಾಲಜಿ ಇದೆ, ಸ್ಕಿಲ್ ಕೌನ್ಸಿಲ್ ಸರ್ಟಿಫಿಕೇಟ್ ಇದೆ, ಹೊರದೇಶದ ಡಿಪ್ಲೊಮಾಗಳೂ ಇವೆ. ಒಳ್ಳೆಯವೇ. ಆದರೆ ಯಾವುದೂ ಲೈಸನ್ಸ್ ಅಲ್ಲ.

ಎರಡು ದಿನದಲ್ಲಿ ಸ್ವಿಚ್ ಎಲ್ಲಿದೆ ಅಂತ ಗೊತ್ತಾಗುತ್ತದೆ, ಅಷ್ಟೇ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲೈಸನ್ಸ್ ಬೇಕಾದರೆ 600 ಗಂಟೆ ಕಲಿಯಬೇಕು, ಆಮೇಲೆ ಪರೀಕ್ಷೆ. ಫ್ಲೋರಿಡಾದಲ್ಲಿ 320 ಗಂಟೆ, ಅದರಲ್ಲಿ 200 ಗಂಟೆ ಕೈಕೆಲಸ. ನಿಮ್ಮ ಅಂಧೇರಿಯವರನ್ನು ಒಂದೇ ಮಾತು ಕೇಳಿ: ಬದುಕಿರುವ ಮನುಷ್ಯರ ಮೇಲೆ, ಪಕ್ಕದಲ್ಲಿ ಕಲಿಸುವವರು ನಿಂತು ನೋಡುತ್ತಿರುವಾಗ, ಎಷ್ಟು ಗಂಟೆ ಮಾಡಿಸುತ್ತೀರಿ? ಉತ್ತರ ಬರದಿದ್ದರೆ ದುಡ್ಡು ಉಳಿಸಿ.

ಬೊರಿವಲಿ: ಮೇಡಂ ಅಪ್ಪರ್ ಲಿಪ್‌ಗೆ ಎಷ್ಟಾಗುತ್ತದೆ?

ಮುಲುಂಡ್ ಅಕ್ಕ: ಮೇಲೆ ಓದಿ.

ಘಾಟ್‌ಕೋಪರ್: ಇಷ್ಟೆಲ್ಲಾ ಯಾಕೆ? ನನಗೆ ಬಂದ ಫಾರ್ವರ್ಡ್ ಇದು. ಎಲೆಗೆ ಹಚ್ಚುವ ಸುಣ್ಣ, ಅರಿಶಿನ, ಹಸಿ ಪಪಾಯಿ ಹಾಲು ಕಲಸಿ ಹಚ್ಚಿ ಹತ್ತು ನಿಮಿಷ ಬಿಡಿ. ಜನ್ಮದಲ್ಲಿ ಕೂದಲು ಬರುವುದಿಲ್ಲ. ಶೇರ್ ಮಾಡಿ 🙏

ಮುಲುಂಡ್ ಅಕ್ಕ: ದಯವಿಟ್ಟು ಶೇರ್ ಮಾಡಬೇಡಿ. ಸುಣ್ಣ ಚರ್ಮ ಸುಡುತ್ತದೆ. ಪಪಾಯಿ ಹಾಲೂ ಸುಡುತ್ತದೆ. ಬೇರು ಚರ್ಮದ ಒಳಗಿರುತ್ತದೆ, ಮೇಲೆ ಹಚ್ಚಿದ್ದು ಅಲ್ಲಿಗೆ ಹೋಗುವುದಿಲ್ಲ. ಅಡ್ಮಿನ್, ಇದನ್ನು ತೆಗೆಯುತ್ತೀರಾ?

ಮಡಗಾಂವ್: ಗೋವಾದಲ್ಲಿ ಯಾರಾದರೂ ಚೆನ್ನಾಗಿ ಮಾಡುವವರು ಇದ್ದಾರಾ ಅಕ್ಕ?

ಚಿಂಚ್ವಡ್: ಅಕ್ಕ, ನನಗೆ 24. ಆರು ತಿಂಗಳಲ್ಲಿ ಗದ್ದ, ಕುತ್ತಿಗೆ ತುಂಬ ದಪ್ಪ ಕೂದಲು ಬಂತು. ಹತ್ತಿರದ ಪಾರ್ಲರ್‌ನಲ್ಲಿ ಸೂಜಿ ಹಾಕಿಸಿದೆ. ಒಂದೇ ಸಲಕ್ಕೆ ಗದ್ದ ಪೂರ್ತಿ ಮಾಡಿದರು. ಈಗ ಕಪ್ಪು ಚುಕ್ಕೆ, ಕೆಲವು ಕಡೆ ಸಣ್ಣ ಗುಳಿ, ಕೂದಲೂ ವಾಪಸ್ ಬಂದಿದೆ. ಕೇಳಿದರೆ ಸರ್ಟಿಫಿಕೇಟ್ ತೋರಿಸಿ "ನಿಮ್ಮ ಸ್ಕಿನ್ನೇ ಸರಿ ಇಲ್ಲ" ಅಂದರು. ಆಫೀಸಿಗೆ ಮಾಸ್ಕ್ ಹಾಕಿಕೊಂಡು ಹೋಗುತ್ತಿದ್ದೇನೆ. ಹುಬ್ಬಳ್ಳಿಯಿಂದ ಅಮ್ಮ ಫೋನ್ ಮಾಡಿದಾಗಲೆಲ್ಲ ದನಿ ಯಾಕೆ ಗಡಸಾಗಿದೆ, ನೆಗಡಿಯಾ ಅಂತಾರೆ, ಅವರಿಗೆ ಏನು ಹೇಳಲಿ. ಚುಕ್ಕೆಗೆ ಯಾವ ಕ್ರೀಮ್ ಹಚ್ಚಲಿ?

ಮುಲುಂಡ್ ಅಕ್ಕ: ಕ್ರೀಮ್ ಆಮೇಲೆ. ದನಿ ನಿಜವಾಗಲೂ ಬದಲಾಗಿದೆಯಾ? ಮುಟ್ಟು ಸರಿಯಾಗಿದೆಯಾ? ನೆತ್ತಿಯಲ್ಲಿ ಕೂದಲು ತೆಳ್ಳಗಾಗಿದೆಯಾ? ಪಾರ್ಲರ್‌ನಲ್ಲಿ ಹೊಸ ಸೂಜಿಯ ಪ್ಯಾಕೆಟ್ ಒಡೆದರಾ?

ಚಿಂಚ್ವಡ್: ಮೂರು ತಿಂಗಳಿಂದ ಮುಟ್ಟಿಲ್ಲ. ನೆತ್ತಿ ತೆಳ್ಳಗಾಗಿದೆ. ದನಿ ಹೌದು ಅನಿಸುತ್ತದೆ. ಪಿಸಿಓಎಸ್ (ಅಂಡಾಶಯ, ಹಾರ್ಮೋನಿನ ಏರುಪೇರು) ಇರಬಹುದು ಅಂತ ಸುಮ್ಮನಿದ್ದೆ. ಸೂಜಿ ಡಬ್ಬಿಯಿಂದ ತೆಗೆದು ಸ್ಪಿರಿಟ್‌ನಲ್ಲಿ ಒರೆಸಿದರು.

ಮುಲುಂಡ್ ಅಕ್ಕ: ಸಮಾಧಾನವಾಗಿ ಓದಮ್ಮ. ಪಿಸಿಓಎಸ್‌ನ ಕೂದಲು ಸಾಮಾನ್ಯವಾಗಿ ಹೈಸ್ಕೂಲು ಕಾಲೇಜಿನ ವಯಸ್ಸಿನಿಂದ ನಿಧಾನವಾಗಿ, ವರ್ಷಗಟ್ಟಲೆ ಜಾಸ್ತಿಯಾಗುತ್ತಾ ಬರುತ್ತದೆ. ಆರು ತಿಂಗಳಲ್ಲಿ ಇಷ್ಟು ಕೂದಲು, ಜೊತೆಗೆ ದನಿ ಗಡಸು, ನೆತ್ತಿ ತೆಳುವು, ಮುಟ್ಟು ನಿಂತಿದೆ ಅಂದರೆ ಅದನ್ನು ಪಿಸಿಓಎಸ್ ಅಂತ ನೀನೇ ತೀರ್ಮಾನ ಮಾಡಿಕೊಂಡು ಕೂರುವ ಹಾಗಿಲ್ಲ. ದೇಹದಲ್ಲಿ ಗಂಡು ಹಾರ್ಮೋನ್ ಎಲ್ಲಿಂದಲೋ ಜಾಸ್ತಿ ಬರುತ್ತಿರಬಹುದು. ಅಂಡಾಶಯದಲ್ಲೋ, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲೋ ಗಡ್ಡೆ ಇದ್ದರೂ ಹೀಗಾಗುತ್ತದೆ. ಅದು ಅಪರೂಪ, ಹೆದರಿಸುತ್ತಿಲ್ಲ. ಆದರೆ ಮುಂದಿನ ತಿಂಗಳು ಅನ್ನಬೇಡ, ಈ ವಾರವೇ ಎಂಡೋಕ್ರೈನ್, ಅಂದರೆ ಹಾರ್ಮೋನ್ ಡಾಕ್ಟರ್ ಹತ್ತಿರ ಹೋಗು. ಅಪಾಯಿಂಟ್‌ಮೆಂಟ್ ಸಿಗದಿದ್ದರೆ ಸ್ತ್ರೀರೋಗ ತಜ್ಞರನ್ನಾದರೂ ನೋಡು. ಟೆಸ್ಟೋಸ್ಟೆರೋನ್ ಮತ್ತು ಅಡ್ರಿನಲ್ ಹಾರ್ಮೋನ್‌ಗಳ ರಕ್ತಪರೀಕ್ಷೆ, ಸ್ಕ್ಯಾನ್, ಏನೇನು ಬೇಕು ಅಂತ ಅವರು ಹೇಳುತ್ತಾರೆ. ಜಿಮ್‌ನಲ್ಲಿ ಪುಡಿ, ಇಂಜೆಕ್ಷನ್ ಏನಾದರೂ ತೆಗೆದುಕೊಂಡಿದ್ದರೆ, ಬೇರೆ ಯಾವುದೇ ಮಾತ್ರೆ ಇದ್ದರೆ, ಮುಚ್ಚಿಡಬೇಡ. ಈ "ದನಿ" ಅನ್ನುವ ಮಾತನ್ನು ಡಾಕ್ಟರಿಗೆ ಮೊದಲೇ ಹೇಳು, ಕೊನೆಗೆ ನೆನಪಾದ ಹಾಗೆ ಅಲ್ಲ.

ಸೂಜಿ ಬಗ್ಗೆ. ಸ್ಪಿರಿಟ್‌ನಲ್ಲಿ ಒರೆಸಿದರೆ ಸ್ಟೆರೈಲ್, ಅಂದರೆ ಪೂರ್ತಿ ರೋಗಾಣುಮುಕ್ತ ಆಗುವುದಿಲ್ಲ. ಒಬ್ಬರಿಗೆ ಒಂದು ಸೀಲ್ಡ್ ಸೂಜಿ, ನಿಮ್ಮ ಕಣ್ಣೆದುರೇ ಪ್ಯಾಕೆಟ್ ಒಡೆಯಬೇಕು, ಕೆಲಸ ಮುಗಿದ ಮೇಲೆ ಎಸೆಯಬೇಕು. ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಪರೀಕ್ಷೆಯ ಬಗ್ಗೆಯೂ ಅದೇ ಡಾಕ್ಟರನ್ನು ಕೇಳು.

ಇನ್ನು ಗುಳಿ. ಸೂಜಿ ಕೂದಲಿನ ದಾರಿಯಲ್ಲೇ ಬುಡದವರೆಗೆ ಇಳಿಯಬೇಕು. ಅರ್ಧಕ್ಕೆ ನಿಲ್ಲಿಸಿ ಕರೆಂಟ್ ಕೊಟ್ಟರೆ ಮೇಲಿನ ಚರ್ಮ ಬೇಯುತ್ತದೆ, ಬೇರು ಆರಾಮಾಗಿ ಉಳಿಯುತ್ತದೆ. ಅಕ್ಕಪಕ್ಕದ ಕೂದಲನ್ನೆಲ್ಲ ಒಂದೇ ಸಲ ಮಾಡಿದರೆ ಶಾಖ ಒಂದೇ ಕಡೆ ಸೇರುತ್ತದೆ, ಅದಕ್ಕೇ ನಾವು ಬಿಟ್ಟು ಬಿಟ್ಟು ಮಾಡುತ್ತೇವೆ. ಸರಿಯಾಗಿ ಮಾಡಿದಾಗ ಕೂದಲು ಕಿತ್ತ ಹಾಗೆ ಅನಿಸುವುದೇ ಇಲ್ಲ, ತಾನಾಗಿ ಜಾರಿ ಬರುತ್ತದೆ. ಎಳೆದ ಹಾಗೆ ಚುರ್ ಅಂದರೆ ಅದು ಚಿಮಟದ ಕೆಲಸ, ಬಿಲ್ ಮಾತ್ರ ಕರೆಂಟಿನದು. ನಮ್ಮಂಥ ಕಂದು ಚರ್ಮದಲ್ಲಿ ಕಪ್ಪು ಚುಕ್ಕೆ ತಿಂಗಳುಗಟ್ಟಲೆ ಉಳಿಯಬಹುದು, ಆದರೆ ಹೆಚ್ಚಿನವು ತಿಳಿಯಾಗುತ್ತವೆ. ಬಿಸಿಲಿಗೆ ಸನ್‌ಸ್ಕ್ರೀನ್ ಹಚ್ಚು. ಗುಳಿಯನ್ನು ಚರ್ಮದ ಡಾಕ್ಟರೇ ನೋಡಬೇಕು. ಅಲ್ಲಿಯವರೆಗೆ ಸೂಜಿ ಬೇಡ, ಮನೆಮದ್ದೂ ಬೇಡ.

ನಿನ್ನ ಸ್ಕಿನ್ ಸರಿಯಾಗಿಯೇ ಇದೆ. ಮೊದಲ ದಿನವೇ ಅವರು ಮುಟ್ಟಿನ ಬಗ್ಗೆ ಕೇಳಬೇಕಿತ್ತು, ಡಾಕ್ಟರ್ ಹತ್ತಿರ ಹೋಗಿ ಬಾ ಅಂತ ಕಳಿಸಬೇಕಿತ್ತು. ಎರಡು ದಿನದ ಕೋರ್ಸಿನಲ್ಲಿ ಹೇಳಿಕೊಡದೇ ಇರುವುದು ಇದನ್ನೇ.

ಚಿಂಚ್ವಡ್: ಓದಿದೆ ಅಕ್ಕ. ಕೈ ನಡುಗುತ್ತಿದೆ. ನಾಳೆ ಬೆಳಿಗ್ಗೆ ಫೋನ್ ಮಾಡುತ್ತೇನೆ.

ಘಾಟ್‌ಕೋಪರ್: ಪಾಪ ಹುಡುಗಿ. ಪುದೀನಾ ಟೀ ಕುಡಿದರೆ ಹಾರ್ಮೋನ್ ಸರಿಹೋಗುತ್ತದೆ ಅಂತ ಇನ್ನೊಂದು ಮೆಸೇಜ್ ಇದೆ, ಹಾಕಲಾ?

ಮುಲುಂಡ್ ಅಕ್ಕ: ಬೇಡ. ಅವಳು ಡಾಕ್ಟರ್ ಹತ್ತಿರ ಹೋಗುವುದನ್ನು ಟೀ ಹೆಸರಿನಲ್ಲಿ ಒಂದು ತಿಂಗಳು ಮುಂದೆ ಹಾಕಿಸಬೇಡಿ.

ಪವಯಿ: ಇದಕ್ಕೇ ಹೇಳುವುದು, ಪಾರ್ಲರ್‌ಗಳನ್ನೆಲ್ಲ ಮುಚ್ಚಿಸಬೇಕು. ನಮ್ಮ ಅಕ್ಕ ಅಮೆರಿಕದಲ್ಲಿದ್ದಾಳೆ, ಅಲ್ಲಿ ಲೈಸನ್ಸ್ ಇಲ್ಲದೆ ಸೂಜಿ ಮುಟ್ಟುವ ಹಾಗೇ ಇಲ್ಲ.

ಡೊಂಬಿವಲಿ: ಮುಚ್ಚಿಸಿದ ಮೇಲೆ ನಿಮ್ಮ ಹುಬ್ಬು ಯಾರು ಮಾಡುತ್ತಾರೆ? ಗಂಡ ಮಾಡುತ್ತಾರಾ? ನಾನು ಕೇಳಿಯೇ ಕಲಿಯೋಣ ಅಂತ ಬಂದಿದ್ದೇನೆ, ಒಂದೇ ತಕ್ಕಡಿಯಲ್ಲಿ ಎಲ್ಲರನ್ನೂ ತೂಗಬೇಡಿ.

ಪವಯಿ: ಹುಬ್ಬಿಗೂ ಸೂಜಿಗೂ ವ್ಯತ್ಯಾಸ ಗೊತ್ತಿಲ್ಲದವರೇ ಈ ಕೆಲಸಕ್ಕೆ ಇಳಿಯುವುದು.

ಡೊಂಬಿವಲಿ: 600 ಗಂಟೆ ಕಲಿಸುವವರು ಇಲ್ಲಿ ಎಲ್ಲಿದ್ದಾರೆ, ತೋರಿಸಿ. ಇದ್ದರೂ ಫೀಸು ಯಾರು ಕಟ್ಟುತ್ತಾರೆ? ಹೈ ರೈಸ್‌ನಲ್ಲಿ ಕೂತು ಕಾನೂನು ಹೇಳುವುದು ಸುಲಭ.

ಮುಲುಂಡ್ ಅಕ್ಕ: ಇಬ್ಬರೂ ಸ್ವಲ್ಪ ನಿಲ್ಲಿಸಿ. ಪವಯಿಯವರೇ, ಅಮೆರಿಕ ಪೂರ್ತಿ ಹಾಗಿಲ್ಲ, ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ನ್ಯೂಯಾರ್ಕ್‌ನಲ್ಲಿ ಎಲೆಕ್ಟ್ರಾಲಿಸಿಸ್‌ಗೆ ರಾಜ್ಯದ ಲೈಸನ್ಸೇ ಬೇಕಿಲ್ಲ. ಇಂಗ್ಲೆಂಡಿನಲ್ಲಿ 1982ರ ಕಾಯ್ದೆ ಹಿಡಿದು ಸ್ಥಳೀಯ ಕೌನ್ಸಿಲ್‌ನವರು ಹೆಸರು ಮತ್ತು ಜಾಗ ನೋಂದಾಯಿಸುತ್ತಾರೆ, ಅವರು ನೋಡುವುದು ಸ್ವಚ್ಛತೆ, ಕೈಚಳಕವನ್ನಲ್ಲ. ನನ್ನನ್ನು ಕೇಳಿದರೆ ಲೈಸನ್ಸ್ ಬೇಕು. ಸೂಜಿ ಒಳಗೆ ಹೋಗುತ್ತದೆ, ರಕ್ತ ಬರಬಹುದು, ಇದು ಮೇಕಪ್ ಅಲ್ಲ. ಆದರೆ ಕಲಿಸುವ ಶಾಲೆ ಇಲ್ಲದೆ ಬರೀ ಲೈಸನ್ಸ್ ತಂದರೆ ಅದೂ ಗೋಡೆಗೆ ಇನ್ನೊಂದು ಕಾಗದ. ಡೊಂಬಿವಲಿಯವರು ಕೇಳಿದ್ದರಲ್ಲಿ ತಪ್ಪಿಲ್ಲ. ಚರ್ಮದ ಕ್ಲಿನಿಕ್‌ನಲ್ಲಿ ಈ ಕೆಲಸ ಗೊತ್ತಿರುವವರ ಕೈಕೆಳಗೆ ಸೇರಿಕೊಳ್ಳಿ. ಸಂಬಳ ಕಡಿಮೆ ಸಿಗುತ್ತದೆ. ಅದೇ ನಿಮ್ಮ ಶಾಲೆ.

ವಾಶಿ: ಅಕ್ಕ, ನನ್ನ ತಂಗಿ ಟ್ರಾನ್ಸ್ ಹೆಣ್ಣು. ಮುಖಕ್ಕೆ ಲೇಸರ್ ಮಾಡಿಸಿದ್ದಾಯಿತು, ಬಿಳಿ ಕೂದಲು ಹಾಗೇ ಉಳಿದಿದೆ. ಎಲೆಕ್ಟ್ರಾಲಿಸಿಸ್ ಆಗುತ್ತದಾ?

ಮುಲುಂಡ್ ಅಕ್ಕ: ಆಗುತ್ತದೆ. ಲೇಸರ್ ಹುಡುಕುವುದು ಕಪ್ಪು ಬಣ್ಣವನ್ನು, ಬಿಳಿ ಕೂದಲು ಅದಕ್ಕೆ ಕಾಣುವುದಿಲ್ಲ. ಸೂಜಿಗೆ ಬಣ್ಣದ ಹಂಗಿಲ್ಲ. ಗಡ್ಡದ ಜಾಗಕ್ಕೆ ಒಂದು ವರ್ಷ, ಬಹಳ ಸಲ ಅದಕ್ಕಿಂತ ಜಾಸ್ತಿಯೂ ಹಿಡಿಯುತ್ತದೆ, ಯಾಕೆಂದರೆ ಎಲ್ಲ ಕೂದಲೂ ಒಂದೇ ಹೊತ್ತಿಗೆ ಬೆಳೆಯುವುದಿಲ್ಲ. ನೋವಿದೆ. ಮರಗಟ್ಟಿಸುವ ಕ್ರೀಮನ್ನು ಡಾಕ್ಟರನ್ನು ಕೇಳಿಯೇ ಹಚ್ಚಲಿ. ದೊಡ್ಡ ಜಾಗಕ್ಕೆ ದಪ್ಪಗೆ ಹಚ್ಚಿ ಪ್ಲಾಸ್ಟಿಕ್ ಸುತ್ತಿದರೆ ರಕ್ತಕ್ಕೆ ಸೇರಿ ಅಪಾಯವಾಗುತ್ತದೆ. ಮರ್ಯಾದೆಯಾಗಿ ಮಾತಾಡಿಸುವ ಕ್ಲಿನಿಕ್ ನೋಡಿ ಹೋಗಲಿ.

ಕಲ್ಯಾಣ್: ಈ ಗುಂಪಿನಲ್ಲಿ ಇಂಥದ್ದೆಲ್ಲ ಯಾಕೆ? ಹೆಂಗಸರ ಗುಂಪು ಅಲ್ವಾ ಇದು.

ವಾಶಿ: ನನ್ನ ತಂಗಿಯೂ ಹೆಂಗಸೇ.

ಅಡ್ಮಿನ್: ಕಲ್ಯಾಣ್, ಇದು ಎಚ್ಚರಿಕೆ. ಇನ್ನೊಂದು ಸಲ ಆದರೆ ತೆಗೆಯುತ್ತೇನೆ.

ಕೋಥ್ರೂಡ್: ಒಂದು ಸಲ ಸೂಜಿ ಹಾಕಿಸಿ ಇನ್ನೊಂದು ಸಲ ಹಾಕಿಸುವ ನಡುವೆ ಥ್ರೆಡ್ಡಿಂಗ್ ಮಾಡಿಸಬಹುದಾ?

ಮುಲುಂಡ್ ಅಕ್ಕ: ಬೇಡ, ಬುಡದಲ್ಲಿ ಕೂದಲೇ ಇಲ್ಲದಿದ್ದರೆ ಸೂಜಿಗೆ ದಾರಿ ಸಿಗುವುದಿಲ್ಲ. ಕತ್ತರಿ ಅಥವಾ ರೇಜರ್.

ಸಾಂತಾಕ್ರೂಜ್: ವ್ಯಾಕ್ಸ್ ಮಾಡಿಸಬಹುದಾ?

ಮುಲುಂಡ್ ಅಕ್ಕ: ಈಗ ತಾನೇ ಹೇಳಿದೆ.

ಮಡಗಾಂವ್: ಗೋವಾ ಬಗ್ಗೆ ಕೇಳಿದ್ದೆ. ಹಾಗೇ ಆನ್‌ಲೈನ್‌ನಲ್ಲಿ ಎಲೆಕ್ಟ್ರಿಕ್ ಚಿಮಟ ಸಿಗುತ್ತದೆ, ಸೂಜಿಯೇ ಬೇಡವಂತೆ, ತರಿಸಲಾ?

ಮುಲುಂಡ್ ಅಕ್ಕ: ಕೂದಲಲ್ಲಿ ಕರೆಂಟ್ ಹರಿಯುವುದಿಲ್ಲ. ಬರೀ ಚಿಮಟ ಕಡಿಮೆಗೆ ಸಿಗುತ್ತದೆ.

ಪವಯಿ: ಅಂದರೆ ಲೈಸನ್ಸ್ ಬೇಕು ಅಂತ ನೀವೂ ಒಪ್ಪಿದಿರಿ ಅಲ್ವಾ, ನಾನು ಹೇಳಿದ್ದೂ ಅದೇ.

ಡೊಂಬಿವಲಿ: ನೀವು ಹೇಳಿದ್ದು ಮುಚ್ಚಿಸಿ ಅಂತ. ಮೇಲೆ ಹೋಗಿ ಓದಿಕೊಳ್ಳಿ.

ಪವಯಿ: ನನಗೆ ಓದಲು ಹೇಳಿಕೊಡಬೇಡಿ.

ಬೊರಿವಲಿ: ಮೇಡಂ ರೇಟ್ ಡಿಎಂ ಮಾಡಿ ಪ್ಲೀಸ್.

ಘಾಟ್‌ಕೋಪರ್: ಅಜ್ಜಿಯರ ಕಾಲದಲ್ಲಿ ಸೂಜಿ ಎಲ್ಲಿತ್ತು? ಕಡಲೆಹಿಟ್ಟು ಹಚ್ಚಿಕೊಂಡು ಎಲ್ಲರೂ ಚೆನ್ನಾಗೇ ಇದ್ದರು.

ಮುಲುಂಡ್ ಅಕ್ಕ: ಸೂಜಿ ಆಗಲೂ ಇತ್ತು. ಅಮೆರಿಕದಲ್ಲಿ ಚಾರ್ಲ್ಸ್ ಮಿಶೆಲ್ ಅನ್ನುವ ಕಣ್ಣಿನ ಡಾಕ್ಟರ್ ಒಳಮುಖವಾಗಿ ಬೆಳೆದು ಕಣ್ಣು ಚುಚ್ಚುವ ರೆಪ್ಪೆಗೂದಲು ತೆಗೆಯಲು ಇದನ್ನು ಮಾಡಿ, ಅದರ ಬಗ್ಗೆ ಬರೆದು ಪ್ರಕಟಿಸಿದ್ದು 1875ರಲ್ಲಿ. ಶುರುವಾಗಿದ್ದೇ ಡಾಕ್ಟರ ಕೈಯಲ್ಲಿ. ಕಡಲೆಹಿಟ್ಟು ಬೋಂಡಾಕ್ಕೆ ಇರಲಿ.

ನಾಳೆ ಬೆಳಿಗ್ಗೆಯಿಂದ ಕ್ಲಿನಿಕ್ ಇದೆ, ನಾನು ಹೊರಟೆ. ಚಿಂಚ್ವಡ್, ರಿಪೋರ್ಟ್ ಬಂದ ಮೇಲೆ ಇಲ್ಲಿ ಹಾಕಬೇಡಮ್ಮ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಡಾಕ್ಟರಿಗೆ ತೋರಿಸಿ, ಅವರು ಏನಂದರು ಅಂತ ನನಗೆ ಒಂದು ಮೆಸೇಜ್ ಮಾಡು. ಮಾಡದಿದ್ದರೆ ನಾನೇ ಮಾಡುತ್ತೇನೆ.

ಬೊರಿವಲಿ: ಮತ್ತೆ ನನ್ನ ರೇಟ್?

ಅಡ್ಮಿನ್: ಕಾಮೆಂಟ್ ಬಂದ್ ಮಾಡಿದ್ದೇನೆ.