ವಾಕಿಟಾಕಿ: ಹಳೇ ಸೆಟ್ಟು ವೈಡ್, ಹೊಸ ಸೆಟ್ಟು ನ್ಯಾರೋ ಆದ್ರೆ ಏನ್ಮಾಡೋದು?

ಪ್ರಶ್ನೆ (ವೇಮಗಲ್, ಕೋಲಾರ): ಫ್ಯಾಕ್ಟರಿ ಸೆಕ್ಯುರಿಟಿಗೆ ಆರು ಹಳೇ ಯುಹೆಚ್‌ಎಫ್ ಸೆಟ್ ಇದ್ವು, ಈಗ ನಾಲ್ಕು ಹೊಸದು ಬಂದಿವೆ. ಫ್ರೀಕ್ವೆನ್ಸಿ, ಟೋನ್ ಎಲ್ಲಾ ಒಂದೇ. ಹೊಸದರಿಂದ ಮಾತಾಡಿದ್ರೆ ಹಳೇದರಲ್ಲಿ ಪಿಸುಗುಟ್ಟಿದ ಹಾಗೆ ಕೇಳುತ್ತೆ. ಹಳೇದರಿಂದ ಮಾತಾಡಿದ್ರೆ ಹೊಸದರಲ್ಲಿ ಕರಕರ, ದನಿ ಏರಿಸಿದ್ರೆ ಕಟ್ ಕಟ್. ಹೊಸ ಸೆಟ್ ವಾಪಸ್ ಕೊಡೋದಾ?

ಉತ್ತರ (ರೇಡಿಯೋ ಸರ್ವೀಸ್, ತುಮಕೂರು): ವಾಪಸ್ ಬೇಡ ಸರ್. ಹಳೇದು ವೈಡ್‌ನಲ್ಲಿದೆ, ಹೊಸದು ನ್ಯಾರೋನಲ್ಲಿದೆ. ಈ ಎರಡು ಲಕ್ಷಣ ಜೊತೆಗೆ ಬಂದ್ರೆ ಮೊದಲು ನೋಡಬೇಕಾದ್ದು ಇದನ್ನೇ.

ವೈಡ್ ಅಂದ್ರೆ 25 ಕಿಲೋಹರ್ಟ್ಸ್ ಚಾನೆಲ್. ಮಾತಿಗೆ ತಕ್ಕಂತೆ ಕ್ಯಾರಿಯರ್ (ಮಾತನ್ನ ಹೊತ್ತೊಯ್ಯೋ ರೇಡಿಯೋ ಅಲೆ) ಅತ್ತಿತ್ತ ಹೆಚ್ಚೆಂದರೆ 5 ಕಿಲೋಹರ್ಟ್ಸ್ ಸರಿಯುತ್ತೆ. ಇದೇ ಡೀವಿಯೇಷನ್. ನ್ಯಾರೋದಲ್ಲಿ ಚಾನೆಲ್ 12.5, ಡೀವಿಯೇಷನ್ 2.5. ರಿಸೀವರ್ ಧ್ವನಿ ಮಾಡೋದು ಈ ಸರಿದಾಟದಿಂದಲೇ. ಅದು ಅರ್ಧ ಆದ್ರೆ ಆಡಿಯೋ 6 ಡೆಸಿಬೆಲ್ ಇಳಿಯುತ್ತೆ, ಅದಕ್ಕೇ ಪಿಸುಮಾತು. ತಿರುಗಿಸಿ ನೋಡಿ: ಹಳೇ ಸೆಟ್‌ನ ಸಿಗ್ನಲ್ ಸುಮಾರು 16 ಕಿಲೋಹರ್ಟ್ಸ್ ಅಗಲ. ಹೊಸದರ ಐಎಫ್ ಫಿಲ್ಟರ್‌ನಲ್ಲಿ, ಅಂದ್ರೆ ರಿಸೀವರ್ ಒಳಗೆ ಬೇಕಾದ ಚಾನೆಲ್ ಮಾತ್ರ ಬಿಡೋ ಜರಡಿಯಲ್ಲಿ, ಅಷ್ಟು ಹಿಡಿಸಲ್ಲ. ಅಂಚು ಕತ್ತರಿಸಿ ಹೋಗಿ ಕರಕರ ಹುಟ್ಟುತ್ತೆ, ಅದನ್ನ ನಾಯ್ಸ್ ಅಂದುಕೊಂಡು ಸ್ಕ್ವೆಲ್ಚ್ (ಬರೀ ನಾಯ್ಸ್ ಇದ್ದಾಗ ಸ್ಪೀಕರ್ ಬಂದ್ ಮಾಡೋ ಸರ್ಕ್ಯೂಟ್) ಮುಚ್ಚಿಕೊಳ್ಳುತ್ತೆ. ಕೂಗಿದಷ್ಟೂ ಹೆಚ್ಚು ಕಟ್ ಆಗುತ್ತೆ, ಗಾರ್ಡ್‌ಗಳಿಗೆ ಇದನ್ನ ಹೇಳಿಬಿಡಿ.

ಪ್ರಶ್ನೆ: ಹಾಗಾದ್ರೆ ಎಲ್ಲಾ ವೈಡ್‌ಗೆ ಹಾಕ್ಲಾ ಸರ್? ದೂರ ಹೋಗುತ್ತೆ ಅಂತಾರೆ.

ಉತ್ತರ: ಅದು ನಾವು ನೀವು ತೀರ್ಮಾನ ಮಾಡೋದಲ್ಲ. ಡಬ್ಲ್ಯೂಪಿಸಿ (ಕೇಂದ್ರ ಸರ್ಕಾರದ ವೈರ್‌ಲೆಸ್ ವಿಭಾಗ) ಕೊಟ್ಟ ಲೈಸೆನ್ಸ್ ತೆಗೆದು ಎಮಿಷನ್ (ಸಿಗ್ನಲ್‌ನ ಅಗಲ, ಬಗೆ) ಕಾಲಂ ನೋಡಿ. 16ಕೆ0ಎಫ್3ಇ ಇದ್ರೆ ವೈಡ್, 11ಕೆ0ಎಫ್3ಇ ಇದ್ರೆ ನ್ಯಾರೋ. ನ್ಯಾರೋ ಲೈಸೆನ್ಸ್‌ನಲ್ಲಿ ವೈಡ್ ಹಾಕಿದ್ರೆ ಪಕ್ಕದ ಚಾನೆಲ್‌ನವರ ಮಾತು ಕೆಡಿಸ್ತೀರಿ. ದೂರದ ವಿಷಯ: ಸಿಗ್ನಲ್ ಸಾಯೋ ಅಂಚಿನಲ್ಲಿ ವೈಡ್ ಸ್ವಲ್ಪ ಸ್ಪಷ್ಟ, ನಿಜ. ಕಾಂಪೌಂಡ್ ಒಳಗೆ ಗೊತ್ತೇ ಆಗಲ್ಲ.

ಬದಲಾಯಿಸೋಕೆ ಪ್ರೋಗ್ರಾಮಿಂಗ್ ಕೇಬಲ್ ಹಾಕಿ, ಮೊದಲು ರೀಡ್ ಮಾಡಿ ಫೈಲ್ ಉಳಿಸಿಕೊಳ್ಳಿ. ಆಮೇಲೆ ಬ್ಯಾಂಡ್‌ವಿಡ್ತ್ ಬದಲಿಸಿ ರೈಟ್ ಮಾಡಿ. ಈ ಸೆಟ್ಟಿಂಗ್ ಚಾನೆಲ್ ಚಾನೆಲ್‌ಗೂ ಬೇರೆ ಬೇರೆ. ಒಂದನೇ ಚಾನೆಲ್ ಸರಿಮಾಡಿ ಎರಡನೇದು ಮರೆಯೋದೇ ಜಾಸ್ತಿ. ಬಾವ್‌ಫೆಂಗ್ ಕಂಪನಿಯ ಯುವಿ-5ಆರ್ ತರದ ಸೆಟ್‌ನಲ್ಲಿ ಮೆನು 5ರಲ್ಲಿ ಸಿಗುತ್ತೆ. ಆದರೆ ಮೆಮೊರಿ ಚಾನೆಲ್ (ಸೇವ್ ಮಾಡಿಟ್ಟ ಚಾನೆಲ್) ಮೇಲೆ ನಿಂತು ಬದಲಿಸಿದ್ರೆ ಉಳಿಯಲ್ಲ. ಕಂಪ್ಯೂಟರ್‌ನಿಂದ ಸೆಟ್ ಪ್ರೋಗ್ರಾಮ್ ಮಾಡೋ ಚಿರ್ಪ್ ಸಾಫ್ಟ್‌ವೇರ್‌ನ ಮೋಡ್ ಕಾಲಂನಲ್ಲಿ ಎಫ್‌ಎಂ (ವೈಡ್) ಇದ್ದದ್ದನ್ನ ಎನ್‌ಎಫ್‌ಎಂ (ನ್ಯಾರೋ) ಮಾಡೋದೇ ಸುಲಭ.

ಇನ್ನೊಂದು ಉತ್ತರ (ಹ್ಯಾಮ್ ರೇಡಿಯೋ ಹವ್ಯಾಸಿ, ಚಿಕ್ಕಬಳ್ಳಾಪುರ): ಮೇಲಿನ ಉತ್ತರ ಸರಿ. ಎರಡು ಸೇರಿಸ್ತೀನಿ. ನ್ಯಾರೋದಲ್ಲಿ ಸಿಟಿಸಿಎಸ್‌ಎಸ್ ಟೋನ್‌ನ (ನಮ್ಮ ಗುಂಪಿನ ಸೆಟ್ ತೆರೆಯೋಕೆ ಮಾತಿನ ಜೊತೆ ಹೋಗೋ ಸಣ್ಣ ದನಿ) ಡೀವಿಯೇಷನ್ನೂ ಇಳಿಯುತ್ತೆ, ಹಾಗಾಗಿ ಬೆರಕೆ ಸೆಟ್‌ಗಳಲ್ಲಿ ಕೆಲವೊಮ್ಮೆ ಎದುರಿನ ಸೆಟ್ ತೆರೆಯೋದೇ ಇಲ್ಲ. ಪರೀಕ್ಷೆ ಮಾಡುವಾಗ ರಿಸೀವ್ ಟೋನ್ ತೆಗೆದು ನೋಡಿ.

ಇನ್ನೊಂದು, ಹಳೇ ಸೆಟ್‌ನ ಕ್ರಿಸ್ಟಲ್, ಅಂದ್ರೆ ಫ್ರೀಕ್ವೆನ್ಸಿ ಹಿಡಿದಿಡೋ ಭಾಗ. 450 ಮೆಗಾಹರ್ಟ್ಸ್‌ನಲ್ಲಿ 5 ಪಿಪಿಎಂ (ಹತ್ತು ಲಕ್ಷಕ್ಕೆ 5 ಪಾಲು) ತಪ್ಪಿದ್ರೆ 2250 ಹರ್ಟ್ಸ್ ಆಚೆ ಹೋಯ್ತು. ವೈಡ್ ಇದನ್ನ ತಡ್ಕೊಳ್ಳುತ್ತೆ, ನ್ಯಾರೋದಲ್ಲಿ ಮಾತು ಒಡೆಯುತ್ತೆ. ನ್ಯಾರೋಗೆ ಹಾಕಿದ ಮೇಲೂ ಒಂದು ಸೆಟ್ ಮಾತ್ರ ಕರಕರ ಅಂದ್ರೆ, ಅದನ್ನ ಫ್ರೀಕ್ವೆನ್ಸಿ ಕೌಂಟರ್‌ಗೆ ಹಾಕಿಸಿ ಟ್ರಿಮ್ ಮಾಡಿಸಿ. ಪರೀಕ್ಷೆಗೆ ಎರಡು ಸೆಟ್ ಅಕ್ಕಪಕ್ಕ ಹಿಡೀಬೇಡಿ, ರಿಸೀವರ್ ಓವರ್‌ಲೋಡ್ ಆಗಿ ಒಳ್ಳೇ ಸೆಟ್ಟೂ ಕೆಟ್ಟ ಹಾಗೆ ಕೇಳುತ್ತೆ. ಗೇಟ್‌ನಲ್ಲಿ ಒಬ್ಬರು, ಗೋಡೌನ್ ಹಿಂದೆ ಒಬ್ಬರು ನಿಂತು ನೋಡಿ.